ಶಿವರುದ್ರಮ್ಮನ ಕರಟ

ಪ್ರಭುದೇವ ಸೊಂಟದಾಳದ ಗುಂಡಿಯಲ್ಲಿ ನಿಂತು ಗುದ್ದಲಿ ಎತ್ತುವಷ್ಟರಲ್ಲಿ, ಮೇಲಿದ್ದ ಗೆಳೆಯ ಗೋವಿಂದರಾಜು ಮೂರನೇ ಸಲ ಅದೇ ಮಾತು ತೆಗೆದ.

“ಜೆಸಿಬಿ ಕರುಸ್ಲೇನೋ? ಗುಬ್ಬಿ ರೋಡಲ್ಲೇ ನಿಂತೈತೆ. ಹತ್ತು ನಿಮಿಷದ ಕೆಲ್ಸ.”

“ಬ್ಯಾಡ. ನಾನೇ ತೋಡ್ಬೇಕು ಅಂದವ್ಳೆ ಅವ್ವ.”

“ಹೆತ್ತೋಳ ಗುಂಡಿನ ಮಗ ತೋಡೋದು ಎಲ್ಲಾರಾ ಉಂಟೇನ್ಲಾ?” ಎಂದ ಸೋದರಮಾವ ಮಹಾಲಿಂಗಯ್ಯ, ಹೊಂಗೆಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಳ್ಳುತ್ತಾ.

ಸಾವಿನ ಮನೆಯಲ್ಲಿ ಕೆಲಸಕ್ಕೆ ಕೈ ಕಮ್ಮಿ, ಸಲಹೆಗೆ ಬಾಯಿ ಜಾಸ್ತಿ. ಪ್ರಭುದೇವ ಗುದ್ದಲಿ ಬೀಸಿದ. ನಿನ್ನೆ ಸಂಜೆ ತೀರಿಕೊಂಡ ಅವ್ವ ಶಿವರುದ್ರಮ್ಮ ಮನೆಯ ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಮೂರು ಗಂಟೆಗೆ ಅವಳನ್ನು ಇಲ್ಲಿಗೆ ಹೊತ್ತು ತರುತ್ತಾರೆ. ಹೊಲದ ಅಂಚಿನಲ್ಲಿ, ಶಿಂಷಾ ಹೊಳೆಯ ದಡದಲ್ಲಿ, ಅಪ್ಪ ಚನ್ನವೀರಯ್ಯನ ಸಮಾಧಿ ಇತ್ತು. “ನಿಮ್ಮಪ್ಪನ ಪಕ್ಕ, ಹೊಳೆ ಕಡೀಕೆ. ಆಳಿಗೆ ಹೇಳ್ಬ್ಯಾಡ, ನೀನೇ ತೋಡು” ಎಂದು ಅವ್ವ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಬದುಕಿದ್ದಾಗ ಅವಳ ಒಂದು ಮಾತನ್ನು ಅವನು ಮೀರಿದ್ದ. ಈ ಮಾತನ್ನಾದರೂ ಪೂರ್ತಿ ಉಳಿಸಿಕೊಳ್ಳಬೇಕಿತ್ತು.

ಮುಂದಿನ ಏಟಿಗೆ ಗುದ್ದಲಿಯ ಸದ್ದು ಬದಲಾಯಿತು. ಕಪ್ಪುಮಣ್ಣು ಮುಗಿದಿತ್ತು. ಪ್ರಭುದೇವ ಬಗ್ಗಿ ಒಂದು ಹಿಡಿ ಎತ್ತಿದ. ಬೆರಳ ಸಂದಿಯಿಂದ ಮರಳು ಜಾರಿತು, ಅಂಗೈಯಲ್ಲಿ ಒಂದು ಕಪ್ಪೆಚಿಪ್ಪು ಉಳಿಯಿತು.

ಗೋವಿಂದರಾಜು ಮೇಲಿನಿಂದ ಬಗ್ಗಿ ನೋಡಿದ. “ಮಳ್ಳು ಕಣೋ.”

“ಹೂಂ.”

ಇಬ್ಬರಿಗೂ ಅದರ ಗುರುತು ಚೆನ್ನಾಗಿತ್ತು. ನಾಲ್ಕು ಬೇಸಿಗೆ ಇಬ್ಬರೂ ಸೇರಿ ಟ್ರ್ಯಾಕ್ಟರಿಗೆ ತುಂಬಿದ್ದು ಇದನ್ನೇ.

*

ಆಗ ಹೊಳೆಯಲ್ಲಿ ಆಳುದ್ದ ಮರಳಿತ್ತು. ಮಳೆಗಾಲದಲ್ಲಿ ಕೆಂಪು ನೀರು ಬಂದು ಹೋದರೆ, ಬೇಸಿಗೆಯಲ್ಲಿ ಮರಳ ಮೇಲೆ ಕಲ್ಲಂಗಡಿ ಬಳ್ಳಿ ಹರಡುತ್ತಿತ್ತು. ನೀರು ಅಡಿಯಲ್ಲಿ ಅಡಗಿರುತ್ತಿತ್ತು. ಶಿವರುದ್ರಮ್ಮ ಬೆಳಗಾಗುತ್ತಲೇ ಕೊಡ ಹಿಡಿದು ಇಳಿಯುವಳು. ಮೊಳದುದ್ದ ಕೆದಕಿದರೆ ಒರತೆ. ಮೊದಲ ಬಗ್ಗಡವನ್ನು ತೆಂಗಿನ ಕರಟದಲ್ಲಿ ಮೂರು ಸಲ ಮೊಗೆದು ಚೆಲ್ಲಿ, ಕರಟವನ್ನು ಮರಳ ಮೇಲೆ ಬೋರಲು ಹಾಕಿ, ನೀರು ತಿಳಿಯಾಗುವವರೆಗೆ ಕೂರುವಳು. ಪುಟ್ಟ ಪ್ರಭುದೇವ ಅವಸರ ಮಾಡಿದರೆ, “ಕಲಕಿದ್ದು ನಾವೇ ತಾನೇ? ವಸಿ ಸುಮ್ಕೆ ಕೂರು” ಅನ್ನುವಳು.

ಆಮೇಲೆ ಟ್ರ್ಯಾಕ್ಟರುಗಳು ಇಳಿದವು. ಅದರಲ್ಲಿ ಒಂದು ಪ್ರಭುದೇವನದು. “ಮಳ್ಳು ಮುಟ್ಬ್ಯಾಡ ಕಣಪ್ಪ” ಅಂದಳು ಅವ್ವ.

“ಊರೇ ತುಂಬ್ತೈತೆ. ನಾನೊಬ್ಬ ಬುಟ್ರೆ ಹೊಳೆ ಉಳೀತದಾ?”

ಅಗೆಯುತ್ತಾ ಅಗೆಯುತ್ತಾ ಅವರು ಅಪ್ಪನ ಸಮಾಧಿಯ ಬುಡಕ್ಕೆ ಬಂದ ದಿನ ಅವಳು ಟ್ರ್ಯಾಕ್ಟರಿನ ಮುಂದೆ ಕಾಲು ಚಾಚಿ ಕೂತಳು. ಕರಟ ಮಡಿಲಲ್ಲಿತ್ತು. “ಇಲ್ಲಿಂದೀಚೆ ಬರ್ಬ್ಯಾಡ.” ಅಷ್ಟೇ. ಆ ಅಂಚು ಉಳಿಯಿತು. ಉಳಿದ ಹೊಳೆಯಲ್ಲಿ ಬಂಡೆ ಎದ್ದಿತು, ಜಾಲಿ ಬೆಳೆಯಿತು. ಮನೆಯ ತಾರಸಿಗೂ ಅದೇ ಮರಳು ಬಿತ್ತು. ಅದರಡಿ ಮಲಗಿ ಎದ್ದು ಅವ್ವ ದಿನಾ ಕೊಡ ಹಿಡಿದು ಹೊಳೆಗೆ ಹೋಗಿ, ಖಾಲಿ ಕೊಡದಲ್ಲಿ ಬಂದು, ಕ್ಯಾನ್ ನೀರು ಕುಡಿಯುತ್ತಿದ್ದಳು. ಬೈದಿದ್ದರೆ ಪ್ರಭುದೇವನ ಎದೆ ಹಗುರಾಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಅವಳು ಬೈಯಲಿಲ್ಲ.

*

ಗುಂಡಿ ಎದೆಮಟ್ಟಕ್ಕೆ ಬಂದಾಗ ಅಂಗಾಲು ತಣ್ಣಗಾಯಿತು. ಕಾಲೆತ್ತಿದ. ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿಕೊಂಡಿತು.

ಮಹಾಲಿಂಗಯ್ಯ ಕುರ್ಚಿ ಬಿಟ್ಟು ಎದ್ದು ಬಂದ. “ನೀರ್ ಬಂತಲ್ಲೋ. ನೀರೊಳಗೆ ಕೂರ್ಸಕಾಯ್ತದಾ ನಮ್ಮಕ್ಕನ್ನ?”

ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರೂ ಇಣುಕಿ ನೋಡಿ ತಲೆಯಾಡಿಸಿದರು. “ಇಲ್ಲಾಗಲ್ಲಪ್ಪ. ಇದನ್ನ ಮುಚ್ಚಿ, ಮೇಲ್ಗಡೆ ತೋಡ್ಸು.”

“ಮಾತ್ ಕೊಟ್ಟಿದೀನಿ ಬುದ್ಧಿ,” ಎಂದ ಪ್ರಭುದೇವ. “ಮೋಟ್ರು ಇಟ್ಟು ಎತ್ತುಸ್ತೀನಿ. ಒಂದ್ ಗಂಟೆ ಟೈಮ್ ಕೊಡಿ.”

ಗುದ್ದಲಿಯಲ್ಲಿ ನೀರನ್ನು ಬಾಚಿ ಬಾಚಿ ಎಸೆದ. ಎಸೆದಷ್ಟೂ ಬಂತು. ಅವನಿಗೆ ಕಾಫಿ ತಂದಿದ್ದ ಹೆಂಡತಿ ಮಾಲಿನಿ ಗುಂಡಿಯ ಅಂಚಿನಲ್ಲಿ ಕೂತಳು. ಸೆರಗಿನಲ್ಲಿ ಅವ್ವನ ಕರಟವಿತ್ತು.

“ಅತ್ತೆ ಜೊತೇಲಿ ಇಡಾಣ ಅಂತ ತಂದೆ,” ಎಂದಳು. “ಇಲ್ಲಿ ನೀರೈತೆ ಅಂತ ಅತ್ತೆಗೆ ಗೊತ್ತಿರ್ನಿಲ್ಲ ಅಂದ್ಕಂಡ್ರಾ? ಹೋದ್ ತಿಂಗ್ಳು ನನ್ನ ಕೈ ಹಿಡ್ಕಂಡು ಇಲ್ಲಿಗಂಟ ಬಂದ್ರು. ಇದೇ ಜಾಗದಾಗೆ ಅಂಗೈ ಊರಿ, ‘ತಂಪೈತೆ ಕಣೇ. ಅವ್ನ ಕೈಲೇ ತೋಡುಸ್ತೀನಿ’ ಅಂದ್ರು.”

ಪ್ರಭುದೇವನ ಕೈ ನಿಂತಿತು. ಗುದ್ದಲಿ ಕೆಳಗಿಟ್ಟು, ಮರಳಿನ ಗೋಡೆಗೆ ಹಣೆ ಹಚ್ಚಿ ಅತ್ತ. ನಿನ್ನೆಯಿಂದ ಬಾರದ ಅಳು ಈಗ ಬಂತು. ಯಾರೂ ಸಮಾಧಾನ ಮಾಡಲು ಇಳಿಯಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು ಗೆಳೆಯನಿಗೆ ಹೇಳಿದ, “ಜೆಸಿಬಿ ಕರ್ಸು. ಅಪ್ಪನಿಂದ ವಸಿ ಮೇಲ್ಗಡೆ ತೋಡ್ಸು.”

“ಇದ್ನ ಮುಚ್ಚುಸ್ಬುಡ್ಲಾ?”

“ಇದ್ನ ಮುಟ್ಬ್ಯಾಡ.”

ನಾಲ್ಕು ಗಂಟೆಗೆ ಶಿವರುದ್ರಮ್ಮನನ್ನು ಗಂಡನಿಗಿಂತ ನಾಲ್ಕು ಹೆಜ್ಜೆ ಮೇಲೆ, ಒಣನೆಲದಲ್ಲಿ, ಬಿಲ್ವಪತ್ರೆಯ ನಡುವೆ ಕೂರಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಕೈಕಾಲು ತೊಳೆಯಲೆಂದು ರಸ್ತೆಯಲ್ಲಿ ಟ್ಯಾಂಕರ್ ನಿಲ್ಲಿಸಿದ್ದರು. ಆ ಕಡೆ ಯಾರೂ ಹೋಗಲಿಲ್ಲ.

ಪ್ರಭುದೇವ ಮತ್ತೆ ಹಳೆಯ ಗುಂಡಿಗೆ ಇಳಿದ. ಕುಕ್ಕರಗಾಲಲ್ಲಿ ಕೂತು ಕರಟದಲ್ಲಿ ಬಗ್ಗಡ ಮೊಗೆದು ಆಚೆ ಚೆಲ್ಲಿದ. ಒಂದು, ಎರಡು, ಮೂರು. ಕರಟವನ್ನು ಮರಳ ಮೇಲೆ ಬೋರಲು ಹಾಕಿ, ನೀರನ್ನೇ ನೋಡುತ್ತಾ ಕೂತ. ಅಂಚಿನಲ್ಲಿ ಊರಿನವರು ಮಣ್ಣಾದ ಕೈಗಳನ್ನು ಮುಂದಕ್ಕೆ ಹಿಡಿದು ನಿಂತಿದ್ದರು. ಮಹಾಲಿಂಗಯ್ಯನೂ ಅವರ ನಡುವೆ ಕೈ ಚಾಚಿ ಕಾಯುತ್ತಿದ್ದ.