ಖಾಲಿ ಕೋಣೆಯ ಕಾವು

ಅಮೆರಿಕದ ಮೇನ್ ಸೀಮೆಯ ಚಳಿಗೆ ದಯೆ ದಾಕ್ಷಿಣ್ಯ ಒಂದೂ ಇಲ್ಲ. ಜನವರಿಯ ನಟ್ಟನಡುವೆಯೇ ಇಡೀ ಮನೆಯನ್ನು ಕಾಯಿಸುವ ನೆಲಮಾಳಿಗೆಯ ಫರ್ನೇಸ್ ಬಿರುಕುಬಿಟ್ಟಿತು. ವಿಷಗಾಳಿ ಕಕ್ಕುತ್ತಿದೆ ಎಂದು ರಿಪೇರಿಗೆ ಬಂದ ಪೆಲ್ಕಿ ಅದನ್ನು ಆರಿಸಿಬಿಟ್ಟ. ಊರಿನ ಮನೆಗಳನ್ನೆಲ್ಲ ಬೆಚ್ಚಗಿಡುವ ಕೆಲಸ ಅವನದೇ. ಕ್ಲೋದೆಟ್ ಕೋಟು ತೊಟ್ಟುಕೊಂಡೇ ಅಡುಗೆಮನೆಯಲ್ಲಿ ನಿಂತಿದ್ದಳು. ಗಂಡ ನಾರ್ಮನ್ ಮಾತ್ರ ಆಗಲೇ ತೀರ್ಮಾನ ಮಾಡಿ ಕೂತಿದ್ದ.

“ಹೊಸ ಫರ್ನೇಸ್ ಬೇಡ. ಎಣ್ಣೆ ಸುರಿದೂ ಸುರಿದೂ ಸಾಕಾಯ್ತು. ಕೊಳವೇಲಿ ಬರೋ ಬಿಸಿ ಅರ್ಧ ಇಲಿಗಳಿಗೇ ಹೋಗುತ್ತೆ. ಗೋಡೆಗೆ ಹಾಕೋ ಹೀಟರ್ ಪೆಟ್ಟಿಗೆ ಸಾಕು, ಕರೆಂಟಲ್ಲಿ ನಡೆಯುತ್ತೆ. ಬೇಕಾದ ಕೋಣೆಗಷ್ಟೇ ಹಾಕಿಸ್ಕೋಬಹುದು.”

ಆ ಕೊನೆಯ ಮಾತು ಕ್ಲೋದೆಟ್‌ಗೆ ಚುಚ್ಚಿತು. “ಯಾವ್ಯಾವ ಕೋಣೆ ಬೇಕಂತೆ ನಿನಗೆ?”

“ಹಾಲ್, ಅಡುಗೆಮನೆ, ನಮ್ಮ ಮಲಗೋ ಕೋಣೆ.”

ಮಹಡಿಯ ಮೇಲೆ ಮಗ ರೆಮಿಯ ಕೋಣೆಯಿತ್ತು. ಕುಡಿದು ಟ್ರಕ್ ಓಡಿಸಿ, ಪಕ್ಕದ ಮನೆಯ ಹುಡುಗಿಯ ಕಾಲು ಹೋಗುವಂತೆ ಮಾಡಿ ಅವನು ಜೈಲು ಸೇರಿದ್ದ. ಮಾರ್ಚಿನಲ್ಲಿ ಬಿಡುಗಡೆ.

“ಹಾಗಾದ್ರೆ ಫರ್ನೇಸೇ ಇರ್ಲಿ. ಒಳಗಿರೋನು ಎಂಥೋನು ಅಂತ ಅದು ಕೇಳಲ್ಲ. ಎಲ್ಲಾ ಕೋಣೆಗೂ ಕೊಡುತ್ತೆ.”

“ಖಾಲಿ ಕೋಣೆ ಕಾಯಿಸೋಕೆ ನನಗೇನು ಹುಚ್ಚಾ?”

“ಮಾರ್ಚಿಗೆ ಖಾಲಿ ಇರಲ್ಲ!”

ಬಾಗಿಲಲ್ಲಿ ನಿಂತಿದ್ದ ಪೆಲ್ಕಿ ಕೆಮ್ಮಿದ. “ನೋಡಿ, ಹೊಸ ಫರ್ನೇಸ್ ಬರೋಕೆ ವಾರಗಟ್ಟಲೆ ಆಗುತ್ತೆ. ವ್ಯಾನಲ್ಲಿರೋದು ಮೂರೇ ಪೆಟ್ಟಿಗೆ. ಎಲ್ಲಿ ಕೊರೀಲಿ ಅಂತ ಬೇಗ ಹೇಳಿ. ಕತ್ತಲಾದ್ರೆ ನೀರು ಹೆಪ್ಪುಗಟ್ಟಿ ನಲ್ಲಿ ಪೈಪೆಲ್ಲ ಒಡೆಯುತ್ತೆ.”

“ಅವನು ಇಲ್ಲಿಗೆ ಬರಲ್ಲ,” ನಾರ್ಮನ್ ಮೇಜು ನೋಡುತ್ತಾ ಹೇಳಿದ.

“ಯಾರು ಹೇಳಿದ್ದು?”

“ನಾನೇ. ಭಾನುವಾರ ಫೋನ್ ಮಾಡಿದ್ದ, ನೀನು ಚರ್ಚಿಗೆ ಹೋಗಿದ್ದೆ. ಈ ಮನೇಲಿ ಜಾಗ ಇಲ್ಲ ಅಂದೆ. ಆ ಹುಡುಗಿ ದಿನಾ ಊರುಗೋಲು ಹಿಡ್ಕೊಂಡು ನಮ್ಮ ಬಾಗಿಲ ಮುಂದೇನೇ ಹೋಗ್ತಾಳೆ, ಕ್ಲೋದೆಟ್. ಅವಳ ಮುಖ ಹೇಗೆ ನೋಡ್ಲಿ?”

ಕ್ಲೋದೆಟ್‌ಗೆ ಆ ಚಳಿಯಲ್ಲೂ ಮೈಯೆಲ್ಲ ಉರಿಯಿತು. ಗಂಡ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

“ಪೆಲ್ಕಿ, ನಮ್ಮ ಮಲಗೋ ಕೋಣೇದು ಬೇಡ. ಮಹಡಿ ಮೇಲೆ ಹಾಕು.”

“ಮತ್ತೆ ನಾನೆಲ್ಲಿ ಮಲಗ್ಲಿ?” ಎಂದ ನಾರ್ಮನ್.

“ಭಾನುವಾರ ಅವನೂ ನಿನ್ನ ಇದನ್ನೇ ಕೇಳಿರ್ಬೇಕು.”

ಪೆಲ್ಕಿ ನಾರ್ಮನ್‌ನ ಮುಖ ನೋಡಿದ. ನಾರ್ಮನ್ ಕಿಟಕಿಯ ಕಡೆ ತಿರುಗಿ ಕೂತ. ಸ್ವಲ್ಪ ಹೊತ್ತಿಗೆ ಮಹಡಿಯಲ್ಲಿ ಗೋಡೆ ಕೊರೆಯುವ ಸದ್ದು ಶುರುವಾಯಿತು.

ಮನೆಗೇ ಬಾ ಎಂದು ರೆಮಿಗೆ ಹೇಳೋಣವೆಂದರೆ ಜೈಲಿಗೆ ಹೊರಗಿನಿಂದ ಫೋನ್ ಮಾಡುವಂತಿಲ್ಲ, ಒಳಗಿದ್ದವರೇ ಮಾಡಬೇಕು. ಹೋಗಿ ನೋಡೋಣವೆಂದರೆ ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಮುಂದಿನ ಭಾನುವಾರ ಕ್ಲೋದೆಟ್ ಚರ್ಚಿಗೆ ಹೋಗಲಿಲ್ಲ. ಫೋನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ನಾರ್ಮನ್ನೂ ಬಂದು ಎದುರಿಗೆ ಕೂತ. ಮಹಡಿಯ ಕೋಣೆ ಬೆಚ್ಚಗಿತ್ತು. ಸಂಜೆಯಾದರೂ ರೆಮಿಯ ಫೋನ್ ಬರಲಿಲ್ಲ.