ಡಾರ್ಜಿಲಿಂಗ್ ಕಿತ್ತಳೆಯ ಮೊದಲ ಹೂ

ಶ್ರೀನಗರ ಬಡಾವಣೆಯ ಆ ಮನೆಯ ತಾರಸಿಗೆ ಎಷ್ಟು ವರ್ಷದಿಂದ ನೀರು ಹೊರುತ್ತಿದ್ದಾಳೆಂದು ಸತ್ಯಭಾಮಾಳ ಮಂಡಿಗಳನ್ನೇ ಕೇಳಬೇಕು. ಡಾರ್ಜಿಲಿಂಗ್ ಪ್ರವಾಸದಿಂದ ತಂದ ಕಿತ್ತಳೆ ಸಸಿ ಡ್ರಮ್ಮಿನಲ್ಲಿ ಆಳೆತ್ತರ ಬೆಳೆದಿತ್ತು, ಹೂ ಮಾತ್ರ ಬಿಟ್ಟಿರಲಿಲ್ಲ. ಅದಕ್ಕೆ ಬೆಟ್ಟದ ಚಳಿ ಬೇಕೆಂದು ಯಾರೋ ಹೇಳಿದ್ದರಿಂದ ಪ್ರತಿ ಚಳಿಗಾಲವೂ ಬುಡಕ್ಕೆ ಫ್ರಿಜ್ಜಿನ ಐಸ್ ಸುರಿಯುತ್ತಿದ್ದಳು. "ಪಾಪ, ಅದಕ್ಕೆ ನೆಗಡಿಯಾಗುತ್ತೆ ಕಣೇ," ಎಂದು ಗಂಡ ಬದರಿನಾಥ ನಗುತ್ತಿದ್ದ.

ಈ ಸಲ ಅಂತೂ ಗಿಡದ ತುಂಬ ಬಿಳಿ ಹೂವಾಯಿತು. ಇನ್ನೇನು ಹೀಚು ಕಟ್ಟಬೇಕು, ಅಷ್ಟೇ. ಇವತ್ತು ಬೆಳಿಗ್ಗೆ ಬಿಂದಿಗೆ ಹೊತ್ತು ಮೇಲೆ ಬಂದರೆ ಕೊಂಬೆಗಳಲ್ಲಿ ಎಲೆ ಬಿಟ್ಟು ಏನೂ ಇಲ್ಲ. ಬಿಂದಿಗೆಯನ್ನೂ ಇಳಿಸದೆ ಕೆಳಗೆ ಓಡಿ ಬಂದಳು.

ದೇವರಮನೆ ಘಮ್ಮೆನ್ನುತ್ತಿತ್ತು. ಅತ್ತೆ ಶ್ರೀನಿವಾಸನ ಪಟದ ಸುತ್ತ ಕಿತ್ತಳೆ ಹೂ ಜೋಡಿಸುತ್ತಿದ್ದರು. ಎಂಬತ್ತು ದಾಟಿದ ಜೀವ, ಗೋಡೆ ಹಿಡಿದುಕೊಂಡೇ ತಾರಸಿ ಹತ್ತಿರಬೇಕು.

"ಎಲ್ಲಾನೂ ಕಿತ್ಬಿಟ್ರಾ? ಇನ್ನು ಹಣ್ಣೆಲ್ಲಿಂದ ಬರುತ್ತೆ ಅತ್ತೆ?"

"ಹರಕೆ ಕಣಮ್ಮ. ನೀನು ಮಂಡಿನೋವಲ್ಲಿ ಮೆಟ್ಟಿಲು ಹತ್ತೋದು ನೋಡಕ್ಕಾಗ್ದೆ, ಗಿಡ ಹೂ ಬಿಟ್ರೆ ಮೊದಲ ಹೂವೆಲ್ಲ ನಿಂಗೇ ಅಂದಿದ್ದೆ ಸ್ವಾಮಿಗೆ. ಬಿಡ್ತಲ್ಲ, ನೋಡು!"

ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಸತ್ಯಭಾಮಾ ಬಿಂದಿಗೆ ಇಳಿಸಿ ಬಾಗಿಲಿಗೆ ಒರಗಿ ಕೂತಳು.

"ಹಣ್ಣಿಗೇನಾದ್ರೂ ಹರಕೆ ಹೊತ್ಕೊಂಡಿದ್ದೀರಾ?"

"ಇನ್ನೂ ಇಲ್ಲ. ಹೊತ್ಕೊಳ್ಳಲಾ?"

"ದಮ್ಮಯ್ಯ, ಬೇಡ ಅತ್ತೆ," ಎಂದು ಅವಳು ಬಿಂದಿಗೆ ಎತ್ತಿಕೊಂಡು ಮತ್ತೆ ಮೆಟ್ಟಿಲ ಕಡೆ ಹೊರಟಳು.