ಗುಬ್ಬಿಗೆಂದು ಬೇಯಿಸಿದ ಬ್ರೆಡ್

ಬೇಕರಿ ಅಜ್ಜನಿಗೆ ಗೊತ್ತಿದ್ದ ಔಷಧಿ ಒಂದೇ, ಬ್ರೆಡ್. ನೆಗಡಿಯಾದವರಿಗೆ ಬಿಸಿ ಬ್ರೆಡ್, ಜ್ವರ ಬಿಟ್ಟವರಿಗೆ ಒಣ ಬ್ರೆಡ್, ಪರೀಕ್ಷೆಯಲ್ಲಿ ನಪಾಸಾಗಿ ಮುಖ ಊದಿಸಿಕೊಂಡವರಿಗೆ ಸಿಹಿ ಬನ್. ನಲವತ್ತೆರಡು ವರ್ಷ ಓವನ್ನಿನ ಮುಂದೆ ನಿಂತ ಮನುಷ್ಯನಿಗೆ ಬೇರೆ ಏನು ಹೊಳೆಯಬೇಕು ಹೇಳಿ? ಹಾಗಾಗಿ ಆರು ವರ್ಷದ ಮೊಮ್ಮಗಳು ಗುಬ್ಬಿ ಸೊರಗಿ ಕಡ್ಡಿಯಾಗತೊಡಗಿದಾಗ, ದಿನದ ಮೊದಲ ಬ್ರೆಡ್ಡಿನ ಅಂಚು ಕತ್ತರಿಸಿ, ನಡುವಿನ ಮೆತ್ತನೆಯ ಭಾಗಕ್ಕೆ ಬೆಣ್ಣೆ ಸವರಿ ಅವಳಿಗೆಂದೇ ಎತ್ತಿಡುತ್ತಿದ್ದ. ಹುಡುಗಿ ಸೊರಗಿದಷ್ಟೂ ಹೋಳು ದಪ್ಪವಾಯಿತು. ಹೋಳು ದಪ್ಪವಾದಷ್ಟೂ ಹುಡುಗಿ ಸೊರಗಿದಳು.

ತಪ್ಪು ಯಾರದೆಂದು ಅಜ್ಜ ಆಗಲೇ ತೀರ್ಮಾನಿಸಿಯಾಗಿತ್ತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಸೊಸೆಗೆ, ಅಂದರೆ ಗುಬ್ಬಿಯ ಅಮ್ಮನಿಗೆ, ಅಡುಗೆಯ ಕಡೆ ಗಮನವೇ ಇಲ್ಲ ಎಂಬುದು ಅವನ ತೀರ್ಪು.

"ಮಗೂಗೆ ಹೊಟ್ಟೆ ತುಂಬ ಬಡಿಸಮ್ಮ ಅಂದ್ರೆ ಆಸ್ಪತ್ರೆ ಆಸ್ಪತ್ರೆ ಅಂತೀಯ" ಎಂದು ಎರಡು ಸಲ ಎಲ್ಲರೆದುರೇ ಅಂದುಬಿಟ್ಟಿದ್ದ. ಸೊಸೆ ರಜೆ ಹಾಕಿ ಮಗುವನ್ನು ಮೂರನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈ ಡಾಕ್ಟರಮ್ಮ ಮಗುವಿನ ರಕ್ತ ತೆಗೆದರು, ಕರುಳಿನ ಚೂರು ತೆಗೆದರು, ಮನೆಯವರೆಲ್ಲರ ರಕ್ತವನ್ನೂ ಕೇಳಿದರು.

ಫಲಿತಾಂಶ ಕೇಳಲು ಹೋಗುವ ದಿನ ಮಗ ವ್ಯಾನಿನಲ್ಲಿ ಬ್ರೆಡ್ ಹಂಚಲು ಹೋಗಿದ್ದರಿಂದ ಸೊಸೆಯ ಜೊತೆ ಅಜ್ಜನೇ ಹೊರಟ.

"ಗೋಧೀಲಿರೋ ಒಂದು ಅಂಶ ಇವಳ ಮೈಗೆ ಆಗ್ತಿಲ್ಲ" ಎಂದರು ಡಾಕ್ಟರಮ್ಮ. "ನಮ್ಮ ಮೈಯೊಳಗೆ ಕಾವಲು ಕಾಯೋ ಕಣಗಳಿರ್ತವೆ. ಯಾವುದರ ಮೇಲೆ ಬೀಳಬೇಕು ಅಂತ ಅವಕ್ಕೆ ತೋರಿಸೋಕೆ ಕೆಲವು ಜೀನ್‌ಗಳಿವೆ. ಇವಳಿಗೆ ಬಂದಿರೋ ಜೀನ್, ಗೋಧಿ ಚೂರನ್ನೇ ಶತ್ರು ಅಂತ ತೋರಿಸ್ತಿದೆ. ಕಾವಲಿನವರು ಹೊಡೆದಾಟಕ್ಕೆ ಇಳೀತಾರೆ, ಏಟು ಮಾತ್ರ ಕರುಳಿಗೆ ಬೀಳುತ್ತೆ."

"ಆ ಜೀನ್ ಯಾರ ಕಡೆಯಿಂದ ಬಂತು?" ಎಂದು ಕೇಳಿ ಅಜ್ಜ ಓರೆಗಣ್ಣಿನಲ್ಲಿ ಸೊಸೆಯತ್ತ ನೋಡಿದ.

"ಇವರಿಗಿಲ್ಲ. ನಿಮ್ಮ ಮಗನಿಗಿದೆ. ನಿಮಗೂ ಇದೆ."

ಅಜ್ಜ ಸೊಸೆಯಿಂದ ಕಣ್ಣು ತೆಗೆದ. "ನಾನು ಬ್ರೆಡ್ ತಿಂದೇ ಬೆಳೆದವನು ತಾಯಿ, ನಂಗೇನೂ ಆಗಿಲ್ವಲ್ಲ" ಎಂದ.

"ನೂರು ಜನರಲ್ಲಿ ಮೂವತ್ತು ಜನಕ್ಕೆ ಈ ಜೀನ್ ಇರುತ್ತೆ. ಕಾಯಿಲೆ ಬರೋದು ಆ ಮೂವತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ. ಯಾಕೆ ಅವರಿಗೇ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ನೀವು ಬೇಕಂತ ಕೊಟ್ಟಿದ್ದಲ್ಲ, ಬಿಡಿ. ಔಷಧಿ ಅಂತ ಏನೂ ಇಲ್ಲ. ಗೋಧಿ, ಮೈದಾ, ರವೆ ಜೀವನಪೂರ್ತಿ ಮುಟ್ಟಬಾರದು. ಬಿಟ್ಟರೆ ಕರುಳು ತಾನಾಗೇ ಸರಿಹೋಗುತ್ತೆ. ಬಿಡದಿದ್ರೆ ಇವಳು ಬೆಳೆಯಲ್ಲ."

ಅಜ್ಜ ಮನೆಗೆ ಬಂದವನೇ ಪಣ ತೊಟ್ಟ. ತನ್ನ ಮೊಮ್ಮಗಳು ಬ್ರೆಡ್ ಇಲ್ಲದೆ ಬೆಳೆಯುವುದೆಂದರೇನು? ಅಕ್ಕಿ ಹಿಟ್ಟು ತಂದ. ಮೊದಲ ಬ್ರೆಡ್ ಇಟ್ಟಿಗೆಯಾಯಿತು, ಎರಡನೆಯದು ಗಂಜಿಯಾಯಿತು, ಆರನೆಯದನ್ನು ಬೀದಿನಾಯಿ ಮೂಸಿ ನೋಡಿ ಮುಂದೆ ಹೋಯಿತು. ಏಳನೆಯದು ಎದ್ದು ನಿಂತಿತು. ಅಂದಿನಿಂದ ದಿನಾ ಬೆಳಗ್ಗೆ ಗುಬ್ಬಿ ಅದನ್ನು ತಿನ್ನುತ್ತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತ ಅಜ್ಜ ಕೊನೆಯ ತುತ್ತಿನವರೆಗೂ ನೋಡುತ್ತಿದ್ದ.

"ಚೆನ್ನಾಗಿದ್ಯಾ ಪುಟ್ಟಿ?"

"ಹೂಂ ಅಜ್ಜ."

ಮೂರು ತಿಂಗಳು ಕಳೆಯಿತು. ಗುಬ್ಬಿಯ ತೂಕ ಒಂದು ಚೂರೂ ಏರಲಿಲ್ಲ, ರಕ್ತದ ಫಲಿತಾಂಶವೂ ಇದ್ದಲ್ಲೇ ಇತ್ತು. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು ಡಾಕ್ಟರಮ್ಮ. ಸೊಸೆ ಮನೆಯ ಡಬ್ಬಿಗಳನ್ನೆಲ್ಲ ತಡಕಾಡಿದಳು, ಶಾಲೆಯಲ್ಲಿ ವಿಚಾರಿಸಿದಳು. ಎಲ್ಲೂ ಏನೂ ಸಿಗಲಿಲ್ಲ. ಮರುದಿನ ಬೆಳಕು ಹರಿಯುವಾಗ ಮಹಡಿಯ ಮನೆಯಿಂದಿಳಿದು ಕೆಳಗಿನ ಬೇಕರಿಯ ಬಾಗಿಲಲ್ಲಿ ನಿಂತಳು. ಅಜ್ಜ ಅಕ್ಕಿ ಹಿಟ್ಟಿನ ಉಂಡೆಯನ್ನು ಮೇಜಿನ ಮೇಲಿಡುವುದರಲ್ಲಿದ್ದ.

"ಮಾವ, ಈಗ ನಿಮ್ಮ ಬಲಗೈ ಏನು ಮಾಡ್ತು?"

"ಏನ್ಮಾಡ್ತು?"

"ಮೇಜು ನೋಡಿ."

ಅಜ್ಜ ನೋಡಿದ. ಉಂಡೆ ಅಂಟದಿರಲೆಂದು ಮೇಜಿನ ಮೇಲೆ ಒಂದು ಹಿಡಿ ಮೈದಾ ಚಿಮುಕಿಸಿತ್ತು ಅವನ ಕೈ. ನಲವತ್ತೆರಡು ವರ್ಷದಿಂದ ದಿನಕ್ಕೆ ನೂರು ಸಲ ಆ ಕೈ ಡಬ್ಬಕ್ಕೆ ಹೋಗಿ ಬರುತ್ತಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೂರು ತಿಂಗಳು ದಿನಾ ಹೀಗೇ ಚಿಮುಕಿಸಿದ್ದಾನೆ, ಅವನಿಗೇ ಗೊತ್ತಿಲ್ಲ. ಅಜ್ಜ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟ.

ಗುಬ್ಬಿ ಎದ್ದ ಮೇಲೆ ಮೆಲ್ಲಗೆ ಕೇಳಿದ. "ಪುಟ್ಟಿ, ನಾನು ಕೊಟ್ಟ ಬ್ರೆಡ್ ತಿಂದ್ರೆ ಹೊಟ್ಟೆ ನೋಯ್ತಿತ್ತಾ?"

"ನೋಯ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ಯಾಕೆ ತಿಂದೆ?"

"ನೀನು ಎದುರಿಗೇ ಕೂತಿರ್ತಿದ್ಯಲ್ಲ ಅಜ್ಜ. ನಾನು ತಿಂದ್ರೆ ನಿಂಗೆ ಖುಷಿ ಆಗ್ತಿತ್ತು."

ಅಜ್ಜ ಅಳುವುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ, ಅಂದು ಕಂಡರು. ಮಗುವಿನ ಎರಡೂ ಕೈ ಹಿಡಿದುಕೊಂಡು, "ಇನ್ಮೇಲೆ ನಂಗೋಸ್ಕರ ಏನೂ ತಿನ್ಬೇಡ ಕಂದಾ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನು, ನೋವಾದ್ರೆ ನೋವು ಅನ್ನು" ಎಂದ. ಆಮೇಲೆ ಸೊಸೆಯ ಕಡೆ ತಿರುಗಿದ. "ನಿಂಗೆ ಬಾಯಿಗೆ ಬಂದ ಹಾಗೆ ಅಂದೆನಮ್ಮ. ನೀನು ಹಟ ಹಿಡೀದೆ ಇದ್ದಿದ್ರೆ ನನ್ನ ಕೈಯಾರೆ ಈ ಮಗೂನ ಕಳ್ಕೊಂಡಿರ್ತಿದ್ದೆ. ನಿನ್ನ ಉಪಕಾರ ಸಾಯೋ ತನಕ ಮರೆಯಲ್ಲ."

ಅವನು ಕೈ ಮುಗಿಯಲು ಹೋದಾಗ ಸೊಸೆ ಆ ಕೈಗಳನ್ನು ತಡೆದಳು. "ಅದೆಲ್ಲ ಬೇಡ ಮಾವ. ನಾಳೆಯಿಂದ ಮೇಲಿನ ಅಡುಗೆಮನೇಲಿ ಮಾಡಿ. ಹೊಸ ಅಚ್ಚು ತರೋಣ. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಬನ್ನಿ, ಅಷ್ಟೇ ಸಾಕು."

ಹಾಗೆ ಊರಿಗೆಲ್ಲ ಬ್ರೆಡ್ ತಿನ್ನಲು ಕಲಿಸಿದ ಮನುಷ್ಯ ಸೊಸೆಯ ಅಡುಗೆಮನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ. ಬಲಗೈ ಅಭ್ಯಾಸಬಲದಿಂದ ಗಾಳಿಯಲ್ಲಿ ಡಬ್ಬ ಹುಡುಕಿದಾಗಲೆಲ್ಲ ಅವಳು ಕೆಮ್ಮುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಆ ಕೆಮ್ಮು ಕೇಳಿಸಿದರೆ ಮನಸ್ಸಿಗೆ ನೆಮ್ಮದಿಯೆನಿಸುತ್ತಿತ್ತು.

ಆರು ತಿಂಗಳಾದ ಮೇಲೆ ಡಾಕ್ಟರಮ್ಮ ಗುಬ್ಬಿಯ ಕಾಗದ ನೋಡಿ ನಕ್ಕರು. ತೂಕ ಮೂರು ಕಿಲೋ ಏರಿತ್ತು, ರಕ್ತದಲ್ಲಿ ಹೊಡೆದಾಟದ ಗುರುತು ಬಹಳ ಕಮ್ಮಿಯಾಗಿತ್ತು. ಮನೆಗೆ ಬಂದು ಎಲ್ಲರೂ ಊಟಕ್ಕೆ ಕೂತರು. ಗುಬ್ಬಿ ಬ್ರೆಡ್ ಕಚ್ಚಿ ಅಗಿದಳು. ಅಜ್ಜ ಈಗ ಎದುರಿಗೆ ಕೂರುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಪಾತ್ರೆ ಒರೆಸುತ್ತಿದ್ದ.

"ಅಜ್ಜ, ಇವತ್ತಿಂದು ಚೆನ್ನಾಗಿಲ್ಲ. ಉಪ್ಪು ಜಾಸ್ತಿ."

ಅಜ್ಜ ಪಾತ್ರೆ ಕೆಳಗಿಟ್ಟು ಈ ಕಡೆ ತಿರುಗಿದ. ನಲವತ್ತೆರಡು ವರ್ಷದಲ್ಲಿ ಅವನ ಬ್ರೆಡ್ಡಿಗೆ ಯಾರೂ ಹಾಗೆ ಅಂದಿರಲಿಲ್ಲ, ಯಾವ ಹೊಗಳಿಕೆಯೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

"ಆದ್ರೂ ಇನ್ನೊಂದು ಹೋಳು ಕೊಡು," ಎಂದಳು ಗುಬ್ಬಿ, "ಹಸಿವಾಗ್ತಿದೆ."